ರಕ್ತ, ಮಜ್ಜೆ ಮತ್ತು ನಿರ್ನಾಳ ಗ್ರಂಥಿಗಳು: ಎಚ್.ಐ.ವಿ. ಸೋಂಕಿತರ ರಕ್ತಹೀನತೆಯನ್ನು ಕುರಿತು

(ಹೈದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಆರೋಗ್ಯ ಸಂಬಂಧವಾದ ಸರ್ಕಾರಿ ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ವೃತ್ತಿ. ನಾನು ವೈದ್ಯನಲ್ಲ. ಆದುದರಿಂದ ಇಂದು ಚಿಕಿತ್ಸೆಯನ್ನು ಸೂಚಿಸಲು ನಾನು ತಮ್ಮ ಮುಂದೆ ನಿಂತಿಲ್ಲ. ವೈದ್ಯರು ಹೇಳುವ ಮಾತನ್ನು ರೋಗಿಯೂ ಆತನ ಮನೆಯವರೂ ಸರಿಯಾಗಿ ಅರ್ಥಮಾಡಿಕೊಳ್ಳಲು ಎಷ್ಟು ತಿಳಿವಳಿಕೆ ಬೇಕೋ ಅಷ್ಟನ್ನು ಸರಳವಾಗಿ ನಿರೂಪಿಸುವುದು ಮಾತ್ರ ನನ್ನ ಉದ್ದೇಶ.

ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಜನರಿಗೂ ಈ ನಗರಕ್ಕೂ ಇರುವ ಸಂಬಂಧ ಹಳೆಯದು. 1956ರಲ್ಲಿ ರಾಜ್ಯಗಳ ಎಲ್ಲೆಗಳು ಬದಲಾದವು. ಆದರೆ ದೊಡ್ಡ ಕಾಯಿಲೆ ಬಂದಾಗ ಹೈದರಾಬಾದಿನ ದಾರಿ ಹಿಡಿಯುವ ರೂಢಿ ಬದಲಾಗಲಿಲ್ಲ. ಮೂಸಿ ನದಿಯ ದಂಡೆಯ ಉಸ್ಮಾನಿಯಾ ಆಸ್ಪತ್ರೆಗೆ, ಸಿಕಂದರಾಬಾದಿನ ಗಾಂಧಿ ಆಸ್ಪತ್ರೆಗೆ, ಪಂಜಾಗುಟ್ಟದ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಗೆ ಇಂದಿಗೂ ನಮ್ಮವರು ಬರುತ್ತಾರೆ. ಅವರಲ್ಲಿ ಎಚ್.ಐ.ವಿ. ಸೋಂಕಿತರೂ ಇರುತ್ತಾರೆ. ತಮ್ಮ ಊರಿನವರ ಕಣ್ಣಿಗೆ ಬೀಳಬಾರದೆಂಬ ಸಂಕೋಚದಿಂದ ದೂರದ ನಗರವನ್ನು ಆರಿಸಿಕೊಳ್ಳುವವರೂ ಉಂಟು.

ಇಂತಹ ರೋಗಿಯ ಕೈಗೆ ಬರುವ ವರದಿಗಳು ಇಂಗ್ಲಿಷಿನಲ್ಲಿರುತ್ತವೆ. ಸುತ್ತಲಿನ ಮಾತು ತೆಲುಗು ಅಥವಾ ಉರ್ದು. ವರದಿಯಲ್ಲಿ 'ಬೋನ್ ಮ್ಯಾರೋ ಫೇಲ್ಯೂರ್' ಎಂಬ ಮೂರು ಪದಗಳಿದ್ದರೆ ಅದರಲ್ಲಿ ಆತನಿಗೆ ತಿಳಿಯುವುದು ಕೊನೆಯದೊಂದೇ. ಫೇಲು ಎಂದರೆ ನಪಾಸು. ಮೂಳೆಯೊಳಗಿನದು ಯಾವುದೋ ನಪಾಸಾಗಿದೆ, ಇನ್ನು ಉಳಿಯುವ ಹಾಗಿಲ್ಲ ಎಂದು ಮನೆಯವರು ತೀರ್ಮಾನಿಸುತ್ತಾರೆ. ಕೆಲವರು ಮಾತ್ರೆಗಳನ್ನು ಬಿಟ್ಟುಬಿಡುತ್ತಾರೆ. ಕೆಲವರು ಎತ್ತು, ಹೊಲ ಮಾರಿ ಗೊತ್ತುಗುರಿಯಿಲ್ಲದ ಔಷಧಗಳನ್ನು ಕೊಳ್ಳುತ್ತಾರೆ. ಇವೆರಡೂ ಅನಾಹುತದ ದಾರಿಗಳು.

'ಮಜ್ಜೆಯ ವೈಫಲ್ಯ' ಎಂಬುದು ಒಂದು ತೀರ್ಪಲ್ಲ. ಅದು ಒಂದು ಪ್ರಶ್ನೆ. ಮಜ್ಜೆ ಏಕೆ ಕೆಲಸ ಮಾಡುತ್ತಿಲ್ಲ? ಅದು ಸ್ವತಃ ಹಾಳಾಗಿದೆಯೇ, ಅಥವಾ ಅದಕ್ಕೆ ಕೆಲಸ ಮಾಡೆಂದು ಹೇಳುವ ಹಾರ್ಮೋನುಗಳು ಬರುತ್ತಿಲ್ಲವೇ? ಎರಡನೆಯ ಕಾರಣವಾದರೆ ಅದನ್ನು ಬಹುಮಟ್ಟಿಗೆ ಸರಿಪಡಿಸಲು ಸಾಧ್ಯವಿದೆ. ಇಂದಿನ ಭಾಷಣದ ಸಾರ ಇಷ್ಟೇ.

ಮಜ್ಜೆಯ ಕಾರ್ಯ

ನಮ್ಮ ದೇಹದ ಚಪ್ಪಟೆ ಮೂಳೆಗಳ ಒಳಗೆ, ಬೆನ್ನುಮೂಳೆ, ಸೊಂಟದ ಮೂಳೆ, ಎದೆಯ ಮೂಳೆಗಳ ಒಳಗೆ ಇರುವ ಮೃದುವಾದ ಪದಾರ್ಥವೇ ಅಸ್ಥಿಮಜ್ಜೆ. ರಕ್ತದ ಮೂರು ಬಗೆಯ ಕಣಗಳೂ ಇಲ್ಲಿಯೇ ಹುಟ್ಟುತ್ತವೆ. ಕೆಂಪು ಕಣಗಳು ಆಮ್ಲಜನಕವನ್ನು ಒಯ್ಯುತ್ತವೆ. ಬಿಳಿ ಕಣಗಳು ಸೋಂಕಿನೊಡನೆ ಹೋರಾಡುತ್ತವೆ. ಪ್ಲೇಟ್‌ಲೆಟ್‌ಗಳೆಂಬ ಅತಿ ಸಣ್ಣ ಕಣಗಳು ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ. ಒಂದು ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಆದುದರಿಂದ ಸವೆದುಹೋದ ಕಣಗಳ ಜಾಗವನ್ನು ತುಂಬಲು ಆರೋಗ್ಯವಂತ ವಯಸ್ಕನ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ತಯಾರಿಸುತ್ತಲೇ ಇರಬೇಕಾಗುತ್ತದೆ.

ಇಷ್ಟು ದೊಡ್ಡ ಉತ್ಪಾದನೆ ಲೆಕ್ಕವಿಲ್ಲದೆ ನಡೆಯಲಾರದು. ಎಷ್ಟು ಬೇಕು, ಯಾವಾಗ ಬೇಕು ಎಂಬ ಸೂಚನೆ ಮಜ್ಜೆಗೆ ಹೊರಗಿನಿಂದ ಬರಬೇಕು. ಆ ಸೂಚನೆಯನ್ನು ರಕ್ತದ ಮೂಲಕ ಒಯ್ಯುವ ರಾಸಾಯನಿಕಗಳಿಗೆ ಹಾರ್ಮೋನುಗಳೆಂದು ಹೆಸರು. ನಮ್ಮ ಪಠ್ಯಪುಸ್ತಕಗಳಲ್ಲಿ ಇವನ್ನು ರಸದೂತಗಳೆಂದೂ ಕರೆದಿದ್ದಾರೆ. ಇವನ್ನು ಸ್ರವಿಸುವ ಥೈರಾಯ್ಡ್, ಅಡ್ರೀನಲ್, ಪಿಟ್ಯುಟರಿ ಮುಂತಾದುವು ನಿರ್ನಾಳ ಗ್ರಂಥಿಗಳು. ಮೂತ್ರಪಿಂಡ, ಪಿತ್ತಜನಕಾಂಗಗಳೂ ತಮ್ಮ ಇತರ ಕೆಲಸಗಳ ಜೊತೆಗೆ ಕೆಲವು ಹಾರ್ಮೋನುಗಳನ್ನು ಕೊಡುತ್ತವೆ.

ಮೂತ್ರಪಿಂಡದಿಂದ ಬರುವ ಸೂಚನೆ

ಕೆಂಪು ಕಣಗಳ ಮಟ್ಟಿಗೆ ಮುಖ್ಯ ಹಾರ್ಮೋನು ಎರಿತ್ರೊಪೊಯೆಟಿನ್. ಇದನ್ನು ವಯಸ್ಕರಲ್ಲಿ ಬಹುಪಾಲು ಮೂತ್ರಪಿಂಡವೇ ತಯಾರಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದೊಡನೆ ಮೂತ್ರಪಿಂಡ ಅದನ್ನು ಗುರುತಿಸಿ ಈ ಹಾರ್ಮೋನನ್ನು ಹೆಚ್ಚಿಸುತ್ತದೆ. ಮಜ್ಜೆ ಕೆಲಸವನ್ನು ಚುರುಕುಗೊಳಿಸುತ್ತದೆ. ಇಂತಹ ವಸ್ತುವೊಂದು ಇರಬೇಕೆಂದು 1906ರಲ್ಲಿಯೇ ಫ್ರಾನ್ಸಿನ ಕಾರ್ನೊ ಮತ್ತು ದೆಫ್ಲಾಂದ್ರ್ ಎಂಬ ವಿಜ್ಞಾನಿಗಳು ಸೂಚಿಸಿದ್ದರು. ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲು ಸಾಧ್ಯವಾದದ್ದು 1977ರಲ್ಲಿ, ಅಮೆರಿಕದ ಗೋಲ್ಡ್‌ವಾಸರ್ ಮತ್ತು ಅವರ ಸಹೋದ್ಯೋಗಿಗಳಿಂದ.

ಎಚ್.ಐ.ವಿ. ಸೋಂಕಿತರಲ್ಲಿ ಈ ವ್ಯವಸ್ಥೆಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ವೈರಸ್ಸು ಮಜ್ಜೆಯಲ್ಲಿ ಕಣಗಳು ಬೆಳೆಯುವ ಪರಿಸರವನ್ನೇ ಕೆಡಿಸುತ್ತದೆ. ಜೊತೆಗೆ, ದೇಹದಲ್ಲಿ ಸದಾ ಇರುವ ಉರಿಯೂತದಿಂದಾಗಿ ಎರಿತ್ರೊಪೊಯೆಟಿನ್ ಏರಬೇಕಾದಷ್ಟು ಏರುವುದಿಲ್ಲ. ರಕ್ತ ಕಡಿಮೆಯಾಗಿದ್ದರೂ ಮಜ್ಜೆಗೆ ಅದಕ್ಕೆ ತಕ್ಕ ಸೂಚನೆ ತಲುಪುವುದಿಲ್ಲ. ಮೂತ್ರಪಿಂಡಕ್ಕೇ ರೋಗ ತಗುಲಿದ್ದರಂತೂ ಕೊರತೆ ಇನ್ನೂ ಹೆಚ್ಚುತ್ತದೆ. ಆದಕಾರಣ ಸೋಂಕಿತರ ರಕ್ತಹೀನತೆಯನ್ನು ಪರಿಶೀಲಿಸುವಾಗ ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನು ಮರೆಯುವಂತಿಲ್ಲ.

ತಾರ್ನಾಕಾದ ಪ್ರಯೋಗಶಾಲೆ ಮತ್ತು ಜಿಡೊವುಡಿನ್

ಈ ವಿಷಯಕ್ಕೂ ನಮ್ಮ ಹೈದರಾಬಾದಿಗೂ ಒಂದು ವಿಶೇಷ ನಂಟು ಇದೆ. ಎಚ್.ಐ.ವಿ.ಗೆ ದೊರೆತ ಮೊತ್ತಮೊದಲ ಔಷಧ ಜಿಡೊವುಡಿನ್. 1964ರಲ್ಲಿ ಅಮೆರಿಕದ ಜೆರೋಮ್ ಹಾರ್ವಿಟ್ಜ್ ಅದನ್ನು ಕ್ಯಾನ್ಸರಿಗೆಂದು ತಯಾರಿಸಿದ್ದರು. ಆ ಉಪಯೋಗಕ್ಕೆ ಅದು ಬರಲಿಲ್ಲ. 1987ರ ಮಾರ್ಚಿಯಲ್ಲಿ ಅಲ್ಲಿನ ಸರ್ಕಾರ ಅದನ್ನು ಏಡ್ಸ್ ಚಿಕಿತ್ಸೆಗಾಗಿ ಒಪ್ಪಿತು. ಬೆಲೆ ವಿಪರೀತವಾಗಿತ್ತು. ನಮ್ಮ ದೇಶದಲ್ಲಿ ಅದನ್ನು ತಯಾರಿಸುವ ವಿಧಾನವನ್ನು ರೂಪಿಸಿದ್ದು ಇಲ್ಲಿಯ ತಾರ್ನಾಕಾದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ಆಗ ಅದರ ನಿರ್ದೇಶಕರು ಡಾ. ಎ. ವಿ. ರಾಮರಾವ್. ಆ ವಿಧಾನವನ್ನು ಪಡೆದು ಮುಂಬಯಿಯ ಸಿಪ್ಲಾ ಸಂಸ್ಥೆ 1993ರಲ್ಲಿ ಔಷಧವನ್ನು ಮಾರುಕಟ್ಟೆಗೆ ತಂದಿತು. ಬೆಲೆ ವಿದೇಶದ್ದಕ್ಕಿಂತ ಬಹಳ ಕಡಿಮೆಯಾದರೂ ಅದು ಬಡವರ ಕೈಗೆಟುಕಲಿಲ್ಲ. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಕರ್ನಾಟಕ ಮತ್ತು ಆಗಿನ ಅವಿಭಜಿತ ಆಂಧ್ರಪ್ರದೇಶವೂ ಸೇರಿದಂತೆ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿಯೂ ದೆಹಲಿಯಲ್ಲಿಯೂ ಎ.ಆರ್.ಟಿ. ಎಂದು ಕರೆಯಲಾಗುವ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿದ ಮೇಲೆಯೇ ಇಂತಹ ಔಷಧಗಳು ಸಾಮಾನ್ಯರಿಗೆ ದೊರಕಿದುವು.

ಜಿಡೊವುಡಿನ್ ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಅದು ಮಜ್ಜೆಯನ್ನು ಕುಗ್ಗಿಸುತ್ತದೆ. 1987ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ, ಇಂದಿನದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಔಷಧ ಪಡೆದವರ ಪೈಕಿ ನೂರಕ್ಕೆ 24 ಮಂದಿಯ ಹಿಮೋಗ್ಲೋಬಿನ್ 7.5 ಗ್ರಾಮಿಗಿಂತ ಕೆಳಗಿಳಿಯಿತು. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಇಂತಹವರು ನೂರಕ್ಕೆ 4 ಮಂದಿ. ಅನಂತರ ಪ್ರಮಾಣವನ್ನು ದಿನಕ್ಕೆ 600 ಮಿಲಿಗ್ರಾಮಿಗೆ ಇಳಿಸಲಾಯಿತು. ಅಪಾಯ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಇಲ್ಲಿಯೇ ಹಾರ್ಮೋನಿನ ಪಾತ್ರ ಸ್ಪಷ್ಟವಾಗುವುದು. ಜಿಡೊವುಡಿನ್‌ನಿಂದ ರಕ್ತಹೀನತೆಗೊಳಗಾದ ಸೋಂಕಿತರಿಗೆ ಎರಿತ್ರೊಪೊಯೆಟಿನ್ ಚುಚ್ಚುಮದ್ದು ಕೊಡಲು 1990ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಒಂದು ನಿಬಂಧನೆಯಿತ್ತು. ರೋಗಿಯ ರಕ್ತದಲ್ಲಿ ಆತನ ಸ್ವಂತ ಎರಿತ್ರೊಪೊಯೆಟಿನ್ ಒಂದು ಮಿಲಿಲೀಟರಿಗೆ 500 ಮಿಲಿಯೂನಿಟ್ಟಿಗಿಂತ ಹೆಚ್ಚಿರಬಾರದು. ಏಕೆಂದರೆ ಅಷ್ಟು ಹಾರ್ಮೋನು ಈಗಾಗಲೇ ಇದ್ದೂ ಮಜ್ಜೆ ಓಗೊಡುತ್ತಿಲ್ಲವಾದರೆ, ಹೊರಗಿನಿಂದ ಇನ್ನಷ್ಟು ಕೊಟ್ಟು ಪ್ರಯೋಜನವಿಲ್ಲ. ಸ್ವಂತ ಹಾರ್ಮೋನು ಕಡಿಮೆಯಿದ್ದವರ ಮಜ್ಜೆಯಾದರೋ ಚುಚ್ಚುಮದ್ದಿಗೆ ಓಗೊಟ್ಟಿತು. ಒಂದೇ ಔಷಧ, ಒಂದೇ ಕಾಯಿಲೆ. ಆದರೂ ಮಜ್ಜೆ ಕುಗ್ಗುವ ಬಗೆ ಎರಡು. ಸೂಚನೆ ಬಾರದಿರುವುದು ಒಂದು. ಬಂದ ಸೂಚನೆಯನ್ನು ನಡೆಸಲಾಗದಿರುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸಿ ನೋಡುವುದೇ ವೈದ್ಯರ ಮೊದಲ ಕೆಲಸ.

ಇಂದು ನಮ್ಮ ದೇಶದ ಎ.ಆರ್.ಟಿ. ಕೇಂದ್ರಗಳಲ್ಲಿ ವಯಸ್ಕರಿಗೆ ಮೊದಲ ಚಿಕಿತ್ಸೆಯಾಗಿ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಸೇರಿದ ಒಂದೇ ಮಾತ್ರೆಯನ್ನು. ಇದು ಮಜ್ಜೆಗೆ ಜಿಡೊವುಡಿನ್‌ನಷ್ಟು ಭಾರವಲ್ಲ. ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದಾದುದರಿಂದ ಆಗಾಗ ಪರೀಕ್ಷೆ ಮಾಡಿಸುತ್ತಾರೆ; ಅದನ್ನು ತಪ್ಪಿಸಬಾರದು.

ಅಡ್ರೀನಲ್ ಗ್ರಂಥಿ ಮತ್ತು ಕ್ಷಯ

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಅಡ್ರೀನಲ್. ಇವುಗಳಿಂದ ಬರುವ ಕಾರ್ಟಿಸೋಲ್ ಇಲ್ಲದೆ ಮನುಷ್ಯ ಬದುಕಲಾರ. ರಕ್ತದೊತ್ತಡವನ್ನು ಕಾಪಾಡುವುದರಲ್ಲಿಯೂ ರೋಗ, ಶಸ್ತ್ರಚಿಕಿತ್ಸೆಗಳ ಆಘಾತವನ್ನು ತಡೆದುಕೊಳ್ಳುವುದರಲ್ಲಿಯೂ ಅದು ಅವಶ್ಯ. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಈ ಗ್ರಂಥಿಗಳ ರೋಗವನ್ನು ಮೊದಲ ಬಾರಿಗೆ ವಿವರಿಸಿದಾಗ ಅದರ ಮುಖ್ಯ ಲಕ್ಷಣಗಳಲ್ಲಿ ರಕ್ತಹೀನತೆಯನ್ನೂ ಎಣಿಸಿದ್ದರು. ಆ ಕಾಲದಲ್ಲಿ ಈ ರೋಗಕ್ಕೆ ಪ್ರಧಾನ ಕಾರಣ ಕ್ಷಯ. ಕ್ಷಯ ಇಂದಿಗೂ ವ್ಯಾಪಕವಾಗಿರುವ, ಎಚ್.ಐ.ವಿ. ಸೋಂಕಿತರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ನಮ್ಮ ದೇಶದಲ್ಲಿ ಈ ಮಾತು ಹಳೆಯದಾಗಿಲ್ಲ. ರೋಗನಿರೋಧಕ ಶಕ್ತಿ ಬಹಳ ಕುಂದಿದವರಲ್ಲಿ ಸೈಟೊಮೆಗಾಲೊ ಎಂಬ ವೈರಸ್ಸು ಕೂಡ ಈ ಗ್ರಂಥಿಗಳನ್ನು ಹಾಳುಮಾಡುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹುಮನಾಬಾದ ಕಡೆಯ ನಲವತ್ತು ವರ್ಷದ ರೈತನೊಬ್ಬ ಕೆಲವು ವರ್ಷಗಳಿಂದ ಎಚ್.ಐ.ವಿ. ಚಿಕಿತ್ಸೆಯಲ್ಲಿದ್ದಾನೆ. ಕ್ಷಯ ಕಾಣಿಸಿಕೊಂಡು ಅದಕ್ಕೂ ಔಷಧ ಆರಂಭವಾಗಿದೆ. ಕೆಮ್ಮು ಕಡಿಮೆಯಾಯಿತು, ಆದರೆ ನಿಶ್ಶಕ್ತಿ ಹೆಚ್ಚಿತು. ಹಾಸಿಗೆಯಿಂದ ಎದ್ದರೆ ತಲೆ ತಿರುಗುತ್ತದೆ. ಊಟ ಸೇರುವುದಿಲ್ಲ, ಓಕರಿಕೆ. ಉಪ್ಪಿನಕಾಯಿ ಮಾತ್ರ ಬೇಕೆನಿಸುತ್ತದೆ. ಅಂಗೈಯ ಗೆರೆಗಳು, ಒಸಡು ಕಪ್ಪಾಗಿವೆ. ರಕ್ತ ಕಡಿಮೆಯೆಂದು ಟಾನಿಕ್ ಕೊಟ್ಟಿದ್ದಾರೆ, ಗುಣವಿಲ್ಲ. ಮನೆಯವರು 'ಆ ಕಾಯಿಲೆಯೇ ಹಾಗೆ' ಎಂದು ಸುಮ್ಮನಾಗುತ್ತಾರೆ.

ಇಲ್ಲಿ ಅಡ್ರೀನಲ್ ಗ್ರಂಥಿ ಸೋತಿರಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅತ್ಯಗತ್ಯವಾದ ಔಷಧವೇ. ಆದರೆ ಅದು ಪಿತ್ತಜನಕಾಂಗದಲ್ಲಿ ಕಾರ್ಟಿಸೋಲನ್ನು ಬೇಗ ಕರಗಿಸುತ್ತದೆ. ಗ್ರಂಥಿ ಮೊದಲೇ ದುರ್ಬಲವಾಗಿದ್ದರೆ ಕೊರತೆ ಆಗ ಬಯಲಾಗುತ್ತದೆ. ಬೆಳಗಿನ ಹೊತ್ತು ಕಾರ್ಟಿಸೋಲ್ ಪರೀಕ್ಷೆ, ಅವಶ್ಯವಿದ್ದರೆ ಗ್ರಂಥಿಯನ್ನು ಪ್ರಚೋದಿಸಿ ನೋಡುವ ಪರೀಕ್ಷೆ, ಇವುಗಳಿಂದ ಇದನ್ನು ಪತ್ತೆಹಚ್ಚಬಹುದು. ಚಿಕಿತ್ಸೆ ದುಬಾರಿಯಲ್ಲ: ಕಡಿಮೆಯಾದ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ಕೊಡುವುದು. ಪತ್ತೆಯಾಗದೆ ಹೋದರೆ ಒಂದು ಸಣ್ಣ ಜ್ವರ ಅಥವಾ ಭೇದಿಯ ಸಂದರ್ಭದಲ್ಲಿ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು.

ಒಂದು ವಿಚಿತ್ರವನ್ನೂ ತಿಳಿದಿರುವುದು ಒಳ್ಳೆಯದು. ಅಡ್ರೀನಲ್ ಸೋತವರ ದೇಹದಲ್ಲಿ ನೀರಿನಂಶ ಕಡಿಮೆಯಾಗಿ ರಕ್ತ ಗಟ್ಟಿಯಾಗಿರುತ್ತದೆ. ಆದುದರಿಂದ ರಕ್ತಹೀನತೆ ಮರೆಯಾಗಿರುವುದುಂಟು. ಚಿಕಿತ್ಸೆ ಆರಂಭಿಸಿ ನೀರಿನಂಶ ಸರಿಹೋದ ಮೇಲೆ ಹಿಮೋಗ್ಲೋಬಿನ್ ಇಳಿದಂತೆ ಕಾಣುತ್ತದೆ. ಔಷಧದಿಂದ ರಕ್ತ ಹೋಯಿತೆಂದು ಹೆದರಿ ಮಾತ್ರೆ ನಿಲ್ಲಿಸಬಾರದು. ಇದ್ದ ಕೊರತೆ ಈಗ ಕಂಡಿತೆಂದಷ್ಟೇ ಅದರ ಅರ್ಥ.

ಸ್ಟೀರಾಯ್ಡುಗಳ ವಿಷಯದಲ್ಲಿ ಎಚ್ಚರ

ಗ್ರಂಥಿ ರೋಗದಿಂದಷ್ಟೇ ಅಲ್ಲ, ಔಷಧದಿಂದಲೂ ನಿಶ್ಚೇಷ್ಟಿತವಾಗಬಹುದು. ಹೊರಗಿನಿಂದ ಸ್ಟೀರಾಯ್ಡು ಬಹುಕಾಲ ಬರುತ್ತಿದ್ದರೆ ಅಡ್ರೀನಲ್ ತನ್ನ ಕೆಲಸವನ್ನು ನಿಲ್ಲಿಸುತ್ತದೆ. ಆಗ ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೆ ದೇಹಕ್ಕೆ ಎರಡೂ ಕಡೆಯಿಂದ ಇಲ್ಲವಾಗುತ್ತದೆ. ಶಕ್ತಿ ಬರುತ್ತದೆಂದು ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡು ಬೆರೆತಿರುವುದುಂಟು. ತಿಂದ ನಾಲ್ಕು ದಿನ ಹಸಿವು, ಹುರುಪು ಹೆಚ್ಚುತ್ತದೆ; ಮುಖ ದುಂಡಗಾಗುತ್ತದೆ; ಬಿಟ್ಟಾಗ ಕುಸಿತ.

ಎರಡನೆಯ ಹಂತದ ಎಚ್.ಐ.ವಿ. ಚಿಕಿತ್ಸೆಯಲ್ಲಿ ಬಳಸುವ ರಿಟೊನಾವಿರ್ ಎಂಬ ಔಷಧ ಕೆಲವು ಸ್ಟೀರಾಯ್ಡುಗಳು ದೇಹದಿಂದ ಹೊರಹೋಗದಂತೆ ತಡೆಯುತ್ತದೆ. ಆಸ್ತಮಕ್ಕೆ ಎಳೆದುಕೊಳ್ಳುವ ಇನ್‌ಹೇಲರಿನಲ್ಲಿರುವ ಫ್ಲುಟಿಕಸೋನ್, ಮಂಡಿನೋವಿಗೆ ಕೊಡುವ ಟ್ರಯಾಮ್ಸಿನೊಲೋನ್ ಚುಚ್ಚುಮದ್ದು ಕೂಡ ಆಗ ದೇಹವಿಡೀ ಹರಡಿ ಅಡ್ರೀನಲ್ ಗ್ರಂಥಿಯನ್ನು ಮಲಗಿಸಿಬಿಡಬಹುದು. ಆದಕಾರಣ ಎ.ಆರ್.ಟಿ. ವೈದ್ಯರಿಗೆ ತಾವು ಬೇರೆ ಕಡೆ ಪಡೆಯುವ ಪ್ರತಿಯೊಂದು ಔಷಧವನ್ನೂ ಹೇಳಬೇಕು. ಬೇರೆ ವೈದ್ಯರಿಗೆ ತಮ್ಮ ಎ.ಆರ್.ಟಿ. ಮಾತ್ರೆಗಳ ಹೆಸರನ್ನು ತಿಳಿಸಬೇಕು. ಸಂಕೋಚದಿಂದ ಮುಚ್ಚಿಟ್ಟರೆ ತೊಂದರೆ ರೋಗಿಗೇ.

ಥೈರಾಯ್ಡ್

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ದೇಹದ ಎಲ್ಲ ಕೆಲಸಗಳ ವೇಗವನ್ನು ನಿರ್ಧರಿಸುತ್ತದೆ. ಅದು ಮಂದವಾದರೆ ದೇಹಕ್ಕೆ ಆಮ್ಲಜನಕದ ಬೇಡಿಕೆ ಕುಗ್ಗುತ್ತದೆ, ಮೂತ್ರಪಿಂಡ ಎರಿತ್ರೊಪೊಯೆಟಿನ್ನನ್ನು ಕಡಿಮೆ ಮಾಡುತ್ತದೆ, ಮಜ್ಜೆಯೂ ನಿಧಾನವಾಗುತ್ತದೆ. ಹೀಗೆ ಬರುವ ರಕ್ತಹೀನತೆ ಸಾಮಾನ್ಯವಾಗಿ ಸೌಮ್ಯವಾದದ್ದು. ಆದರೆ ಬೇರೆ ಕಾರಣಗಳೊಡನೆ ಸೇರಿದಾಗ ಮನುಷ್ಯನನ್ನು ನೆಲಹಿಡಿಸುತ್ತದೆ. ಥೈರಾಯ್ಡ್ ತುಸು ಮಂದವಾಗಿರುವ ಸ್ಥಿತಿ ಎಚ್.ಐ.ವಿ. ಸೋಂಕಿತರಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಇನ್ನು ಕೆಲವರಲ್ಲಿ ಎ.ಆರ್.ಟಿ. ಆರಂಭಿಸಿ ಒಂದೆರಡು ವರ್ಷಗಳಾದ ಮೇಲೆ, ಚೇತರಿಸಿಕೊಂಡ ರೋಗನಿರೋಧಕ ವ್ಯವಸ್ಥೆ ಥೈರಾಯ್ಡನ್ನು ಕೆರಳಿಸಿ ಅದು ಅತಿವೇಗವಾಗುವುದೂ ಉಂಟು. ಟಿ.ಎಸ್.ಎಚ್. ಎಂಬ ಒಂದು ರಕ್ತಪರೀಕ್ಷೆಯಿಂದ ಎರಡೂ ತಿಳಿಯುತ್ತವೆ.

ಅಡ್ರೀನಲ್ ಮತ್ತು ಥೈರಾಯ್ಡ್ ಎರಡೂ ಮಂದವಾಗಿದ್ದಾಗ ಮೊದಲು ಅಡ್ರೀನಲ್ ಕೊರತೆಯನ್ನು ತುಂಬಿ ಅನಂತರ ಥೈರಾಯ್ಡ್ ಮಾತ್ರೆ ಕೊಡುವುದು ಕ್ರಮ. ಈ ಕ್ರಮ ತಪ್ಪಿದರೆ ಅಪಾಯ. ಆದುದರಿಂದ ಥೈರಾಯ್ಡ್ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ಪಡೆಯುವ ಪದಾರ್ಥವೆಂದು ತಿಳಿಯಬಾರದು.

ತಾರ್ನಾಕಾದಲ್ಲಿಯೇ ಇರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯನ್ನು ಇಲ್ಲಿ ಸ್ಮರಿಸಬಹುದು. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಈ ಸಂಸ್ಥೆ ಕಬ್ಬಿಣ ಮತ್ತು ಅಯೊಡಿನ್ ಎರಡನ್ನೂ ಸೇರಿಸಿದ ಉಪ್ಪನ್ನು ಅಭಿವೃದ್ಧಿಪಡಿಸಿತು. ಕಬ್ಬಿಣ ರಕ್ತಕ್ಕೆ, ಅಯೊಡಿನ್ ಥೈರಾಯ್ಡ್ ಹಾರ್ಮೋನಿಗೆ. ಇವೆರಡರ ಕೊರತೆಯನ್ನೂ ಪ್ರತಿದಿನದ ಅಡುಗೆಯ ಉಪ್ಪಿನಿಂದಲೇ ನೀಗಿಸಬೇಕೆಂಬುದು ಅದರ ಹಿಂದಿನ ಆಶಯ.

ಪುರುಷ ಹಾರ್ಮೋನು

ಪುರುಷರಲ್ಲಿ ಹಿಮೋಗ್ಲೋಬಿನ್ 13 ಗ್ರಾಮಿಗಿಂತಲೂ, ಗರ್ಭಿಣಿಯರಲ್ಲದ ಸ್ತ್ರೀಯರಲ್ಲಿ 12 ಗ್ರಾಮಿಗಿಂತಲೂ ಕಡಿಮೆಯಾದರೆ ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಪಡಿಸಿದೆ. ಈ ಅಂತರಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಟೆಸ್ಟೊಸ್ಟೆರೋನ್. ಅದು ಎರಿತ್ರೊಪೊಯೆಟಿನ್ನನ್ನು ಹೆಚ್ಚಿಸುತ್ತದೆ, ಮಜ್ಜೆಯನ್ನೂ ಚುರುಕುಗೊಳಿಸುತ್ತದೆ. 1959ರಲ್ಲಿಯೇ ಬಾಸ್ಟನ್ನಿನ ಶಾಹಿದಿ ಮತ್ತು ಡೈಮಂಡ್ ಎಂಬ ವೈದ್ಯರು ಮಜ್ಜೆ ಬರಿದಾದ ಮಕ್ಕಳಲ್ಲಿ ಈ ಹಾರ್ಮೋನಿನಿಂದ ರಕ್ತ ಚೇತರಿಸಿಕೊಂಡದ್ದನ್ನು ವರದಿಮಾಡಿದ್ದರು.

ಚಿಕಿತ್ಸೆಯಿಲ್ಲದೆ ಎಚ್.ಐ.ವಿ. ಮುಂದುವರಿದ ಪುರುಷರಲ್ಲಿ ಟೆಸ್ಟೊಸ್ಟೆರೋನ್ ಕುಸಿಯುವುದು ಸಾಮಾನ್ಯ. ತೂಕ, ಸ್ನಾಯು, ಉತ್ಸಾಹ, ರಕ್ತ ಎಲ್ಲವೂ ಒಟ್ಟಿಗೆ ಇಳಿಯುತ್ತವೆ. ಸಕಾಲದಲ್ಲಿ ಎ.ಆರ್.ಟಿ. ದೊರೆತರೆ ಈ ಕುಸಿತ ಅನೇಕರಲ್ಲಿ ತಪ್ಪುತ್ತದೆ. ಕೊರತೆ ಇದೆಯೆಂಬುದು ಬೆಳಗಿನ ರಕ್ತಪರೀಕ್ಷೆಯಲ್ಲಿ ಎರಡು ಬಾರಿ ದೃಢಪಟ್ಟರೆ ಮಾತ್ರ ವೈದ್ಯರು ಹಾರ್ಮೋನನ್ನು ಕೊಡುವ ಬಗ್ಗೆ ಯೋಚಿಸುತ್ತಾರೆ. ವ್ಯಾಯಾಮಶಾಲೆಗಳಲ್ಲಿ ಕೈಬದಲಾಗುವ ಚುಚ್ಚುಮದ್ದುಗಳಿಂದ ರಕ್ತ ಅತಿಯಾಗಿ ಗಟ್ಟಿಯಾಗುವುದು, ಸಂತಾನಶಕ್ತಿ ಕುಂದುವುದು ಉಂಟು. ಸೂಜಿಯನ್ನು ಹಂಚಿಕೊಂಡರೆ ಸೋಂಕೂ ಹರಡುತ್ತದೆ.

ಕಬ್ಬಿಣದ ಟಾನಿಕ್ ಏಕೆ ಸಾಲದು

ರಕ್ತ ಕಡಿಮೆಯೆಂದೊಡನೆ ನಮಗೆ ನೆನಪಾಗುವುದು ಕಬ್ಬಿಣದ ಟಾನಿಕ್. ಕಬ್ಬಿಣದ ಕೊರತೆ ನಮ್ಮ ದೇಶದಲ್ಲಿ, ಮುಖ್ಯವಾಗಿ ಸ್ತ್ರೀಯರಲ್ಲಿ, ವ್ಯಾಪಕವಾಗಿದೆ. ಅಂತಹವರಿಗೆ ಅದು ಅವಶ್ಯವೇ. ಆದರೆ ಎಚ್.ಐ.ವಿ. ಸೋಂಕಿತರಲ್ಲಿ ಇನ್ನೊಂದು ಹಾರ್ಮೋನಿನ ಆಟವಿದೆ. 2000ನೆಯ ಇಸವಿಯ ಆಸುಪಾಸಿನಲ್ಲಿ ಪತ್ತೆಯಾದ ಹೆಪ್ಸಿಡಿನ್ ಎಂಬುದನ್ನು ಪಿತ್ತಜನಕಾಂಗ ತಯಾರಿಸುತ್ತದೆ. ಸೋಂಕು, ಉರಿಯೂತ ಇದ್ದಾಗ ಅದು ಏರುತ್ತದೆ. ಏರಿದಾಗ ಕರುಳಿನಿಂದ ಕಬ್ಬಿಣ ರಕ್ತಕ್ಕೆ ಬರುವುದು ಕಡಿಮೆಯಾಗುತ್ತದೆ. ದೇಹದ ಉಗ್ರಾಣದಲ್ಲಿರುವ ಕಬ್ಬಿಣಕ್ಕೂ ಬೀಗ ಬೀಳುತ್ತದೆ. ಕಬ್ಬಿಣ ಇದ್ದೂ ಮಜ್ಜೆಗೆ ಸಿಗುವುದಿಲ್ಲ. ಆಗ ಎಷ್ಟು ಟಾನಿಕ್ ಕುಡಿದರೂ ಫಲವಿಲ್ಲ. ಬೀಗ ತೆಗೆಯಬೇಕಾದರೆ ವೈರಸ್ಸನ್ನು ಹತೋಟಿಗೆ ತರಬೇಕು, ಕ್ಷಯವಿದ್ದರೆ ಅದನ್ನು ಗುಣಪಡಿಸಬೇಕು.

ಇನ್ನೊಂದು ವಿಷಯ ಬಹಳ ಮುಖ್ಯವಾದದ್ದು. ಡೊಲುಟೆಗ್ರಾವಿರ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯೊಡನೆ ಸೇವಿಸಿದರೆ ಅದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಎರಡನ್ನೂ ಊಟದೊಡನೆ ತೆಗೆದುಕೊಳ್ಳಬೇಕು. ಇಲ್ಲವಾದರೆ ಡೊಲುಟೆಗ್ರಾವಿರನ್ನು ಕಬ್ಬಿಣಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ಅನಂತರ ಸೇವಿಸಬೇಕು. ಥೈರಾಯ್ಡ್ ಮಾತ್ರೆಗೂ ಕಬ್ಬಿಣಕ್ಕೂ ನಡುವೆ 4 ಗಂಟೆಗಳ ಅಂತರವಿರಬೇಕು. ವೈದ್ಯರನ್ನು ಕೇಳದೆ ಕುಡಿದ ಟಾನಿಕ್ ರಕ್ತವನ್ನು ಹೆಚ್ಚಿಸದಿರುವುದಷ್ಟೇ ಅಲ್ಲ, ವೈರಸ್ಸಿನ ಔಷಧವನ್ನೂ ಕೆಡಿಸಬಹುದು.

ಯಾವ ಪರೀಕ್ಷೆಗಳು, ಯಾವ ಕ್ರಮ

ಹಾರ್ಮೋನು ಒಂದೇ ಕಾರಣವೆಂದು ನನ್ನ ಅಭಿಪ್ರಾಯವಲ್ಲ. ಕ್ಷಯ ಮಜ್ಜೆಯೊಳಗೇ ಹರಡಿರಬಹುದು. ಪಾರ್ವೊ ಬಿ-19 ಎಂಬ ವೈರಸ್ಸು ಕೆಂಪು ಕಣಗಳ ಉತ್ಪಾದನೆಯನ್ನು ನಿಲ್ಲಿಸಬಹುದು. ಸೋಂಕು ತಡೆಗೆ ಕೊಡುವ ಕೋಟ್ರೈಮೊಕ್ಸಜೋಲ್ ಮಾತ್ರೆ ಕೆಲವರಿಗೆ ಒಗ್ಗದಿರಬಹುದು. ಜೀವಸತ್ವ ಬಿ-12, ಫೋಲಿಕ್ ಆಮ್ಲಗಳ ಕೊರತೆ, ಸ್ತ್ರೀಯರಲ್ಲಿ ಅಧಿಕ ಮುಟ್ಟು, ಮೂಲವ್ಯಾಧಿಯ ರಕ್ತಸ್ರಾವ ಇವೂ ಇರಬಹುದು. ಒಬ್ಬರಲ್ಲಿಯೇ ಎರಡು ಮೂರು ಕಾರಣಗಳು ಸೇರಿರುವುದೇ ಹೆಚ್ಚು. ಒಂದು ಕಾರಣ ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದು.

ವೈದ್ಯರು ಸಾಮಾನ್ಯವಾಗಿ ಸರಳ ಪರೀಕ್ಷೆಗಳಿಂದ ಆರಂಭಿಸುತ್ತಾರೆ. ರಕ್ತದ ಪೂರ್ಣ ಎಣಿಕೆಯಿಂದ ಮೂರು ಬಗೆಯ ಕಣಗಳಲ್ಲಿ ಯಾವುದು ಕಡಿಮೆಯೆಂದು ತಿಳಿಯುತ್ತದೆ. ಆಗತಾನೆ ಹುಟ್ಟಿದ ಎಳೆಯ ಕೆಂಪು ಕಣಗಳ ಎಣಿಕೆಯಿಂದ ಮಜ್ಜೆ ದುಡಿಯುತ್ತಿದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಕ್ರಿಯಾಟಿನಿನ್, ಟಿ.ಎಸ್.ಎಚ್., ಕಬ್ಬಿಣ ಮತ್ತು ಬಿ-12 ಪರೀಕ್ಷೆಗಳು, ಕ್ಷಯದ ತಪಾಸಣೆ, ವೈರಸ್ಸಿನ ಪ್ರಮಾಣ ಇವು ಮುಂದಿನವು. ಲಕ್ಷಣಗಳಿದ್ದರೆ ಕಾರ್ಟಿಸೋಲ್, ಟೆಸ್ಟೊಸ್ಟೆರೋನ್. ಇಷ್ಟರಿಂದಲೂ ಕಾರಣ ತಿಳಿಯದಿದ್ದರೆ, ಅಥವಾ ಮೂರೂ ಬಗೆಯ ಕಣಗಳು ತೀರ ಇಳಿದಿದ್ದರೆ, ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಮಜ್ಜೆಯ ಮಾದರಿಯನ್ನು ತೆಗೆದು ನೋಡುತ್ತಾರೆ. ಆ ಜಾಗಕ್ಕೆ ಮರಗಟ್ಟುವ ಔಷಧ ಕೊಟ್ಟೇ ಇದನ್ನು ಮಾಡುವುದು. ಇದರಿಂದ ಸೊಂಟ ಬಿದ್ದುಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ.

ರೋಗಿಯ ಕರ್ತವ್ಯವೂ ಇದೆ. ನಿಶ್ಶಕ್ತಿಯನ್ನು ನುಂಗಿಕೊಂಡಿರದೆ ವೈದ್ಯರಿಗೆ ಹೇಳಬೇಕು. ಎದ್ದಾಗ ತಲೆ ತಿರುಗುವುದು, ಮೈಬಣ್ಣ ಕಪ್ಪಾಗುವುದು, ಚಳಿ ತಡೆಯದಿರುವುದು, ಮುಟ್ಟಿನ ವ್ಯತ್ಯಾಸ, ಲೈಂಗಿಕ ನಿರಾಸಕ್ತಿ ಇವನ್ನು ಹೇಳಲು ನಾಚಬಾರದು. ಹಿಂದಿನ ವರದಿಗಳನ್ನು ಜೋಪಾನವಾಗಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ರಕ್ತ ಕಡಿಮೆಯಾಯಿತೆಂದು ತಾವಾಗಿಯೇ ಎ.ಆರ್.ಟಿ. ಮಾತ್ರೆಯನ್ನು ನಿಲ್ಲಿಸಬಾರದು. ಮಾತ್ರೆಯೇ ಕಾರಣವಾಗಿದ್ದರೆ ವೈದ್ಯರು ಬದಲಿಸಿಕೊಡುತ್ತಾರೆ. ನಿಲ್ಲಿಸಿದರೆ ವೈರಸ್ಸು ಮತ್ತೆ ಹೆಚ್ಚಿ ಮಜ್ಜೆಯನ್ನು ಇನ್ನಷ್ಟು ಕುಗ್ಗಿಸುತ್ತದೆ.

ರೋಗಿಯ ಹಕ್ಕು

ಸಂಕೋಚ, ಭಯಗಳಿಂದ ಪರೀಕ್ಷೆ ತಪ್ಪಿಸಿಕೊಳ್ಳುವವರಿಗೆ ಒಂದು ಮಾತು. ಸಂಸತ್ತು 2017ರಲ್ಲಿ ಅಂಗೀಕರಿಸಿದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿತರಿಗೆ ಚಿಕಿತ್ಸೆ, ಉದ್ಯೋಗ, ಶಿಕ್ಷಣಗಳಲ್ಲಿ ಭೇದ ತೋರುವುದನ್ನು ಅದು ನಿಷೇಧಿಸುತ್ತದೆ. ಅವರ ಸ್ಥಿತಿಯನ್ನು ಗುಟ್ಟಾಗಿಡಬೇಕೆಂದು ವಿಧಿಸುತ್ತದೆ. ಎ.ಆರ್.ಟಿ. ಮಾತ್ರೆಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಹೈದರಾಬಾದಿನಿಂದ ಕಲಬುರಗಿಗೋ, ಬೀದರಿನಿಂದ ಇಲ್ಲಿಗೋ ವಾಸ ಬದಲಾಯಿಸಿದರೆ ಚಿಕಿತ್ಸೆಯನ್ನು ಒಂದು ಕೇಂದ್ರದಿಂದ ಮತ್ತೊಂದಕ್ಕೆ ವರ್ಗಾಯಿಸಿಕೊಳ್ಳಬಹುದು. ನಡುವೆ ಒಂದು ದಿನವೂ ಮಾತ್ರೆ ತಪ್ಪಬೇಕಾದುದಿಲ್ಲ. ಮಾಹಿತಿಗಾಗಿ 1097 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲದೆ ಕರೆಮಾಡಬಹುದು.

ಈ ನಗರದಲ್ಲಿ ನೆಲೆಸಿರುವ ಕನ್ನಡಿಗರಿಂದ ಒಂದು ಉಪಕಾರವಾಗಬಹುದು. ಊರಿನಿಂದ ಬಂದ ರೋಗಿಯೊಬ್ಬರು ವರದಿಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಯ ಅಂಗಳದಲ್ಲಿ ಕುಳಿತಿದ್ದರೆ, ಏನು ಕಾಯಿಲೆಯೆಂದು ಕೆದಕದೆ, ವೈದ್ಯರ ಮಾತನ್ನು ಅವರಿಗೆ ಕನ್ನಡದಲ್ಲಿ ಮುಟ್ಟಿಸಿ. ಅವರ ಸಂದೇಹವನ್ನು ವೈದ್ಯರಿಗೆ ಮುಟ್ಟಿಸಿ. ಕೇಳಿದ ವಿಷಯವನ್ನು ಅಲ್ಲಿಯೇ ಬಿಟ್ಟುಬಿಡಿ. ಕಾರಣವನ್ನು ತಿಳಿದ ರೋಗಿ ಮಾತ್ರೆ ಬಿಡುವುದಿಲ್ಲ. ಮಾತ್ರೆ ಬಿಡದ ರೋಗಿಗೆ ಚೇತರಿಸಿಕೊಳ್ಳಲು ಕಾಲಾವಕಾಶ ಸಿಗುತ್ತದೆ.